ಮಾವನ ಸ್ಟುಡಿಯೋಗೆ ಲಿನಕ್ಸ್ ಬಂತು

ತುಂಬ ದಿನದಿಂದ ಇದನ್ನ ಬರೀಬೇಕು ಅಂದ್ಕೊಂಡಿದ್ದೆ, ಪುರುಸೊತ್ತಾಗಿರ್ಲಿಲ್ಲ. ಹೊಸದುರ್ಗದಲ್ಲಿ ನನ್ನ ಸೋದರಮಾವನದ್ದೊಂದು ಪುಟ್ಟ ಫೋಟೋ ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಸೈಜು, ಮದುವೆ ಆಲ್ಬಮ್ಮು, ತೀರಿಹೋದವರ ಫೋಟೋಗೆ ಫ್ರೇಮು, ಇಷ್ಟೇ ವ್ಯಾಪಾರ. ಅಲ್ಲಿರೋ ಕಂಪ್ಯೂಟರ್ 2013ರದ್ದು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. 11 ಹಾಕೋಣ ಅಂದ್ರೆ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಬೇಕು. "ಮೆಷೀನು ಚೆನ್ನಾಗೇ ಐತಲ್ಲೋ, ಯಾಕೆ ಬಿಸಾಕ್ಬೇಕು?" ಅನ್ನೋದು ಮಾವನ ಪ್ರಶ್ನೆ. ನ್ಯಾಯವಾದ ಪ್ರಶ್ನೆನೇ. ಆದ್ರೆ ದಿನಕ್ಕೆ ಹತ್ತು ಜನರ ಪೆನ್‌ಡ್ರೈವ್ ಚುಚ್ಚಿಸ್ಕೊಳ್ಳೋ ಮೆಷೀನನ್ನ ಹಾಗೇ ಬಿಡೋಕೂ ಆಗಲ್ಲ. ದೀಪಾವಳಿ ರಜೆಗೆ ಹಿರಿಯೂರಿನ ನಮ್ಮನೆಗೆ ಹೋದವನು, ಅಲ್ಲಿಂದ ಹೊಸದುರ್ಗಕ್ಕೆ ಹೋಗಿ ಲಿನಕ್ಸ್ ಮಿಂಟ್ ಹಾಕಿ, ಗಿಂಪ್ 3.0 ಕೂರಿಸಿದೆ. ಹಳೇ ಹಾರ್ಡ್‌ಡಿಸ್ಕನ್ನ ಮುಟ್ಟಲಿಲ್ಲ, ಬಿಚ್ಚಿಟ್ಟು ಹೊಸ ಎಸ್‌ಎಸ್‌ಡಿ ಹಾಕ್ದೆ.

ಮಾವ ಇಪ್ಪತ್ತು ವರ್ಷದಿಂದ ಬಳಸ್ತಿದ್ದದ್ದು ಫೋಟೋಶಾಪ್ 7.0, ಅಂದ್ರೆ 2002ರದ್ದು. ಯಾರೋ ಕೊಟ್ಟ ಸೀಡಿಯಿಂದ ಬಂದದ್ದು, ಹೆಚ್ಚು ಕೇಳ್ಬೇಡಿ :) ಅದರಲ್ಲಿ ಕೈ ಎಷ್ಟು ಪಳಗಿದೆ ಅಂದ್ರೆ ನೋಡದೇ ಶಾರ್ಟ್‌ಕಟ್ ಒತ್ತುತ್ತಾರೆ. ಆದ್ರೆ ಕನ್ನಡ? ಆ ಕಾಲದ ಫೋಟೋಶಾಪ್‌ಗೆ ಯೂನಿಕೋಡ್ ಕನ್ನಡ ಜೋಡಿಸೋಕೆ ಬರ್ತಿರ್ಲಿಲ್ಲ. ಶ್ರದ್ಧಾಂಜಲಿ ಅಂತ ಹಾಕಿದ್ರೆ ಶ್‌ರದ್‌ಧಾಂಜಲಿ ಆಗ್ತಿತ್ತು. ಹಾಗಾಗಿ ಎಲ್ಲಾ ಸ್ಟುಡಿಯೋಗಳ ಹಾಗೆ ಇಲ್ಲೂ ನುಡಿ, ಬರಹದ ಆಸ್ಕಿ ಫಾಂಟು. ಅದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿರೋ ಫಾಂಟು. ಫಾಂಟ್ ಇರೋವರೆಗೆ ಕನ್ನಡ, ಇಲ್ಲದಿದ್ರೆ ತಲೆ ಮೇಲೆ ಕೊಂಬು ಬಂದ ಇಂಗ್ಲಿಷು. ಗಿಂಪ್‌ನಲ್ಲಿ ಅಕ್ಷರ ಜೋಡಿಸೋ ಕೆಲಸ ಹಾರ್ಫ್‌ಬಜ್ ಅನ್ನೋ ಲೈಬ್ರರಿದು. ವಾಟ್ಸಾಪ್‌ನಲ್ಲಿ ಗಿರಾಕಿ ಕಳಿಸಿದ ಹೆಸರನ್ನ ಕಾಪಿ ಮಾಡಿ ಅಂಟಿಸಿದ್ರೆ ಒತ್ತು, ದೀರ್ಘ, ಅರ್ಕಾವತ್ತು ಎಲ್ಲಾ ನೆಟ್ಟಗೆ ಬಂತು. ಮಾವ ಎರಡು ಸಲ ಅಳಿಸಿ ಮತ್ತೆ ಅಂಟಿಸಿ ನೋಡಿದ್ರು.

ಹಳೇ ಪಿಎಸ್‌ಡಿ ಫೈಲುಗಳು ಮಾತ್ರ ಅರ್ಧಂಬರ್ಧ ತೆರೆದವು. ಪದರಗಳು ಬಂದ್ವು, ಆದ್ರೆ ಅಕ್ಷರದ ಪದರ ಬರೀ ಚಿತ್ರ ಆಗಿತ್ತು, ನೆರಳಿನ ಎಫೆಕ್ಟ್ ಮಾಯ. ಆಲ್ಬಮ್ ಟೆಂಪ್ಲೇಟುಗಳನ್ನ ಮತ್ತೆ ಕಟ್ಟಬೇಕು. ಚಿತ್ರದುರ್ಗದ ಲ್ಯಾಬಿನವರಿಗೆ ಯಾವ ಸಾಫ್ಟ್‌ವೇರಾದ್ರೇನು, 12x36 ಇಂಚಿನ ಹಾಳೆಗೆ 300 ಡಿಪಿಐನಲ್ಲಿ ಒಂದು ಜೆಪೆಗ್ ಕೊಟ್ರೆ ಸಾಕು. ಅಲ್ಲಿ ತೊಂದ್ರೆ ಆಗ್ಲಿಲ್ಲ.

ನಿಜವಾದ ಕುಸ್ತಿ ಪ್ರಿಂಟರ್ ಜೊತೆ. ಆರು ಇಂಕಿನ ಟ್ಯಾಂಕ್ ಪ್ರಿಂಟರು. ಲಿನಕ್ಸ್‌ನಲ್ಲಿ ಅದಕ್ಕೆ ಗುಟೆನ್‌ಪ್ರಿಂಟ್ ಡ್ರೈವರ್ ಹಾಕ್ದೆ. ಮಜಾ ಏನು ಗೊತ್ತಾ, ಈ ಡ್ರೈವರ್ ಹುಟ್ಟಿದ್ದೇ ಗಿಂಪ್‌ನ ಹೊಟ್ಟೆಯಲ್ಲಿ. ಗಿಂಪ್ ಶುರುವಾಗಿದ್ದು 1995ರಲ್ಲಿ, ಬರ್ಕ್‌ಲಿಯ ಇಬ್ಬರು ವಿದ್ಯಾರ್ಥಿಗಳಿಂದ. ಅದಕ್ಕೆ ಮೈಕೆಲ್ ಸ್ವೀಟ್ ಬರೆದ ಪ್ರಿಂಟ್ ಪ್ಲಗಿನ್ನೇ ಮುಂದೆ ಗಿಂಪ್-ಪ್ರಿಂಟ್ ಆಗಿ, ಆಮೇಲೆ ಗುಟೆನ್‌ಪ್ರಿಂಟ್ ಅಂತ ಹೆಸರು ಬದಲಾಯಿಸ್ಕೊಳ್ತು. ಲಿನಕ್ಸ್‌ನ ಪ್ರಿಂಟಿಂಗ್ ವ್ಯವಸ್ಥೆ ಕಪ್ಸ್ ಬರೆದದ್ದೂ ಅದೇ ಮನುಷ್ಯ.

ಮೊದಲ ಪ್ರಿಂಟಲ್ಲಿ ಎಲ್ಲರ ಮುಖಾನೂ ಕುಂಕುಮ ಸವರಿದ ಹಾಗೆ ಕೆಂಪು. ಕಂಪನಿ ಡ್ರೈವರ್ ತಾನೇ ಒಳಗೊಳಗೆ ಬಣ್ಣ ಸರಿ ಮಾಡ್ತಿತ್ತು, ಇಲ್ಲಿ ಆ ಕೆಲಸ ನಮ್ಮದು. ಬಣ್ಣ ಅಳೆಯೋ ಯಂತ್ರ ತರೋಷ್ಟು ದುಡ್ಡಿಲ್ಲ, ಕಣ್ಣೇ ಗತಿ. ಪರೀಕ್ಷೆಗೆ ಮಾವ ಆರಿಸಿದ್ದು ಮಾರಿಕಣಿವೆ ಫೋಟೋ. 1933ರ ನಂತರ ಮೊದಲ ಸಲ, 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಬೈಕಲ್ಲಿ ಹೋಗಿ ತೆಗೆದದ್ದು. ಬೂದು ಮೋಡ, ಕೆಮ್ಮಣ್ಣಿನ ನೀರು, ಕಲ್ಲು, ಜನರ ಮುಖ, ಎಲ್ಲಾ ಒಂದರಲ್ಲೇ ಇದೆ. ಒಂದು 4x6 ಹಾಳೇಲಿ ಅದನ್ನೇ ಸಣ್ಣದಾಗಿ ಎಂಟು ಸಲ ಹಾಕಿ, ಒಂದೊಂದರಲ್ಲೂ ಮೆಜೆಂಟಾ ಸ್ವಲ್ಪ ಸ್ವಲ್ಪ ಇಳಿಸಿ ಪ್ರಿಂಟ್ ಹೊಡೆದ್ವಿ. ಒಣಗೋಕೆ ಬಿಟ್ಟು, ಬಾಗಿಲ ಬೆಳಕಲ್ಲಿ ಹಿಡಿದು ನೋಡೋದು. ಹಾಗೆ ಎರಡು ದಿನ. ಕೊನೆಗೆ "ಇದು ನಾನು ಕಂಡ ನೀರು" ಅಂದ್ರು ಮಾವ. ಆ ಅಂಕಿಗಳನ್ನೇ ಡ್ರೈವರ್‌ನಲ್ಲಿ ಆ ಪೇಪರ್ ಹೆಸರಿಗೆ ಉಳಿಸಿಟ್ಟೆ.

ಅದಾದ ಮಾರನೇ ದಿನವೇ ಹೊಳಲ್ಕೆರೆ ಕಡೆಯ ಹಳ್ಳಿಯಿಂದ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಬಂದ್ರು. ಯಜಮಾನ್ರು ತೀರಿಕೊಂಡು ವಾರ ಆಗಿತ್ತು, ಹನ್ನೊಂದನೇ ದಿನಕ್ಕೆ ಫೋಟೋ ಬೇಕು. ಇದ್ದದ್ದು ಮತದಾರರ ಚೀಟಿಯ ಮೇಲಿನ ಫೋಟೋ ಒಂದೇ. ಮೊಮ್ಮಗ ಆಗಲೇ ಮೊಬೈಲಿನ ಎಐ ಆ್ಯಪಿಗೆ ಹಾಕಿ ದೊಡ್ಡದು ಮಾಡಿಸಿದ್ದ. ಕಣ್ಣು ಫಳಫಳ, ಮೀಸೆ ಕೂದಲು ಒಂದೊಂದೂ ಎಣಿಸಬಹುದು. ಅಜ್ಜಿ ನೋಡಿ, "ಯಾರಪ್ಪಾ ಇದು?" ಅಂದ್ರಂತೆ.

ನಾವು ಚೀಟಿಯನ್ನ ಸ್ಕ್ಯಾನ್ ಮಾಡಿ, ಗೀರುಗಳನ್ನಷ್ಟೇ ಹೀಲ್ ಟೂಲಲ್ಲಿ ಮುಚ್ಚಿದ್ವಿ. ಇಲ್ಲದ ವಿವರ ಸೇರಿಸೋಕೆ ಹೋಗ್ಲಿಲ್ಲ. ಮಸುಕಾದ್ರೂ ಪರವಾಗಿಲ್ಲ ಅಂತ 12x18ರ ಬದಲು 8x10 ಸಾಕು ಅಂದ್ರು ಮಾವ. ಹಳೇ ಫೋಟೋಶಾಪ್‌ನಲ್ಲಿ ಅವರದ್ದೊಂದು ಆ್ಯಕ್ಷನ್ ಇತ್ತು, ಒಂದು ಕೀ ಒತ್ತಿದ್ರೆ ಯಾರೇ ಆಗ್ಲಿ ಎರಡು ಸುತ್ತು ಬೆಳ್ಳಗೆ. ಅಭ್ಯಾಸಬಲ, ಬೆರಳು ಆ ಕೀ ಒತ್ತೇಬಿಡ್ತು. ಗಿಂಪ್‌ನಲ್ಲಿ ಏನೂ ಆಗ್ಲಿಲ್ಲ. ಕರ್ವ್ಸ್ ತೆಗೆದು ಕೈಯಲ್ಲೇ ಸ್ವಲ್ಪ ಬೆಳ್ಳಗೆ ಮಾಡಿ ಅಜ್ಜಿಗೆ ತೋರಿಸಿದ್ರು.

"ಇಷ್ಟು ಬಿಳುಪಿರ್ಲಿಲ್ಲ ಕಣಪ್ಪ. ಹೊಲದಾಗೆ ಇರೋರು."

ಗಿಂಪ್ 3.0ರಲ್ಲಿ ಒಂದು ಅನುಕೂಲ ಇದೆ, ಕರ್ವ್ಸ್ ಥರದ ಫಿಲ್ಟರ್ ಚಿತ್ರಕ್ಕೆ ಅಂಟಿ ಹೋಗಲ್ಲ, ಆಮೇಲೆ ತೆರೆದು ತಿದ್ದಬಹುದು. ಮಾವ ಅದನ್ನ ತೆರೆದು ಗೆರೆಯನ್ನ ನಿಧಾನಕ್ಕೆ ಕೆಳಗೆ ಎಳೀತಾ ಹೋದ್ರು. ಅಜ್ಜಿ ಸ್ಟೂಲ್ ಮೇಲೆ ಕೂತು ಪರದೆ ನೋಡ್ತಾ ಇನ್ನೂ, ಇನ್ನೂ ಅಂತಿದ್ರು. ಒಂದು ಕಡೆ ಕೈ ಎತ್ತಿದ್ರು. ಮಾತಾಡ್ಲಿಲ್ಲ. ಪ್ರಿಂಟ್ ಬಂದಾಗ ಪರದೆ ಮೇಲಿದ್ದ ಬಣ್ಣವೇ ಬಂತು. ನಾನು ಉಸಿರು ಬಿಗಿಹಿಡಿದು ಕಾಯ್ತಿದ್ದದ್ದು ಅದಕ್ಕೇ.

ಮಾವ ಇನ್ನೂ ಪೂರ್ತಿ ಒಪ್ಪಿಲ್ಲ ಬಿಡಿ. ಶಾರ್ಟ್‌ಕಟ್‌ಗಳನ್ನ ಹಳೇ ಥರ ಬದಲಾಯಿಸಿ ಕೊಟ್ಟಿದ್ದೀನಿ, ಆದ್ರೂ ವಾರಕ್ಕೊಂದು ಫೋನ್ ಬರುತ್ತೆ. ಹಿರಿಯೂರಿನ ಫ್ಲೆಕ್ಸ್ ಅಂಗಡಿಯವರು ಕೋರೆಲ್ ಫೈಲೇ ಬೇಕು ಅಂತಾರೆ, ಸದ್ಯಕ್ಕೆ ಇಂಕ್‌ಸ್ಕೇಪ್‌ನಿಂದ ಪಿಡಿಎಫ್ ಕಳಿಸಿ ಒಪ್ಪಿಸಿದ್ದೀವಿ. ಪಾಸ್‌ಪೋರ್ಟ್ ಸೈಜಿಗೆ 35x45 ಮಿಲಿಮೀಟರಿನ ಎಂಟು ಫೋಟೋನ 4x6 ಹಾಳೇಲಿ ಜೋಡಿಸೋ ಸಣ್ಣ ಸ್ಕ್ರಿಪ್ಟ್ ಬರೆದುಕೊಟ್ಟೆ, ಅದೊಂದು ಮಾತ್ರ ಅವರಿಗೆ ತುಂಬಾ ಇಷ್ಟ.

ಈಗ ಉಳಿದಿರೋದು ಫಾಂಟಿನ ಗೋಳು. ಬಲೂ ತಮ್ಮ, ಅನೇಕ್, ತಿರೋ ಕನ್ನಡ, ನೋಟೋ ಎಲ್ಲಾ ಹಾಕಿದ್ದೀನಿ. ಮದುವೆ ಆಲ್ಬಮ್ಮಿಗೆ ಬಳ್ಳಿ ಬಳ್ಳಿಯಾಗಿರೋದೇ ಬೇಕು ಅಂತಾರೆ ಮಾವ. ಅಂಥ ಯೂನಿಕೋಡ್ ಫಾಂಟ್ ನಿಮಗೆ ಗೊತ್ತಿದ್ರೆ ಹೇಳಿ, ಮುಂದಿನ ಸಲ ಊರಿಗೆ ಹೋದಾಗ ಹಾಕಿಕೊಟ್ಟು ಬರ್ತೀನಿ.