ಎಡಗನ್ನಡಿಯ ಹಳದಿ ದೀಪ

ಗಲ್ಫಿನಿಂದ ರಜೆಗೆ ಬರುವವರು ಒಂದು ಕಾಲದಲ್ಲಿ ಅತ್ತರು, ಕಂಬಳಿ, ಟೇಪ್ ರೆಕಾರ್ಡರ್ ತರುತ್ತಿದ್ದರು. ಈಗ ಅವೆಲ್ಲ ಭಟ್ಕಳದ ಪೇಟೆಯಲ್ಲೇ ಸಿಗುವುದರಿಂದ ಅಲ್ಲಿಯ ರಸ್ತೆಯ ಅಭ್ಯಾಸಗಳನ್ನು ಹೊತ್ತು ತರುತ್ತಾರೆ. ದುಬೈಯಲ್ಲಿ ಹದಿನೈದು ವರ್ಷ ಕಾರು ಓಡಿಸಿರುವ ನನ್ನ ತಂಗಿಯ ಮಗ ಕಳೆದ ರಜೆಯಲ್ಲಿ ತಾಯಿಗೆಂದು ಹೊಸ ಕಾರು ಕೊಂಡ. ಅದರ ಬಣ್ಣ, ಸೀಟುಗಳ ಬಗ್ಗೆ ಅವನು ಹೆಚ್ಚು ಹೇಳಲಿಲ್ಲ. "ಮಾಮಾ, ಇದರಲ್ಲಿ ಬ್ಲೈಂಡ್ ಸ್ಪಾಟ್ ವಾರ್ನಿಂಗ್ ಇದೆ. ಪಕ್ಕದಲ್ಲಿ ಯಾರಾದರೂ ಬಂದರೆ ಕನ್ನಡಿಯಲ್ಲೇ ದೀಪ ಹೊತ್ತುತ್ತದೆ. ಕತ್ತು ತಿರುಗಿಸುವ ಕೆಲಸವೇ ಇಲ್ಲ" ಎಂದ. ಆ ಕೊನೆಯ ಮಾತೇ ನನ್ನನ್ನು ಯೋಚನೆಗೆ ಹಚ್ಚಿತು.

ಕಾರಿನ ಮೂರು ಕನ್ನಡಿಗಳೂ ತೋರಿಸದ, ಚಾಲಕನ ಓರೆಗಣ್ಣಿಗೂ ಬೀಳದ ಒಂದಿಷ್ಟು ಜಾಗ ಹಿಂದಿನ ಬಾಗಿಲಿನ ಆಚೆ, ಎರಡೂ ಬದಿಗಳಲ್ಲಿ ಇರುತ್ತದೆ. ಅದೇ ಬ್ಲೈಂಡ್ ಸ್ಪಾಟ್. ಅದರ ಮೇಲೆ ಕಣ್ಣಿಡುವ ಯಂತ್ರವನ್ನು 2000ದ ದಶಕದ ಮಧ್ಯಭಾಗದಲ್ಲಿ ಸ್ವೀಡನ್ನಿನ ವೋಲ್ವೊ ಕಂಪೆನಿ ತನ್ನ ಕಾರುಗಳಲ್ಲಿ ತಂದಿತು. ಆಗ ಕನ್ನಡಿಯ ಕೆಳಗೆ ಪುಟ್ಟ ಕ್ಯಾಮರಾ ಇರುತ್ತಿತ್ತು. ನಂತರ ಹಿಂದಿನ ಬಂಪರಿನ ಎರಡು ಮೂಲೆಗಳ ಒಳಗೆ ರೇಡಾರ್ ಬಂತು. ಅದು ಹೊರಬಿಟ್ಟ ಅಲೆಗಳು ಪಕ್ಕದ ವಾಹನಕ್ಕೆ ತಾಗಿ ಮರಳುತ್ತವೆ. ಆ ವಾಹನ ಎಷ್ಟು ದೂರದಲ್ಲಿದೆ, ಯಾವ ವೇಗದಲ್ಲಿದೆ ಎಂದು ಲೆಕ್ಕ ಹಾಕಿ ಯಂತ್ರ ಕನ್ನಡಿಯಲ್ಲಿ ಹಳದಿ ದೀಪ ಹೊತ್ತಿಸುತ್ತದೆ. ನಮ್ಮಲ್ಲಿ ಮಾರಾಟವಾಗಿರುವ ಕೆಲವು ಕಾರುಗಳಲ್ಲಿ ಬೇರೆ ಬಗೆಯದೂ ಇದೆ. ಮಹೀಂದ್ರಾದ ಎಕ್ಸ್‌ಯುವಿ 700, 2024ರಲ್ಲಿ ಹೊಸ ರೂಪ ಪಡೆದ ಹ್ಯುಂಡೈ ಕ್ರೆಟಾ ಇವುಗಳ ದುಬಾರಿ ಮಾದರಿಗಳಲ್ಲಿ ಇಂಡಿಕೇಟರ್ ಹಾಕಿದರೆ ಆ ಬದಿಯ ಚಿತ್ರ ಸ್ಟೀರಿಂಗ್ ಮುಂದಿನ ಪರದೆಯಲ್ಲಿ ಮೂಡುತ್ತದೆ. ಇಂಡಿಕೇಟರ್ ಹಾಕದವನಿಗೆ ಆ ಚಿತ್ರವಿಲ್ಲ. ಲಾರಿಯವನ ಬಲಗಡೆ ಇಂಡಿಕೇಟರಿಗೆ 'ನಾನು ತಿರುಗುತ್ತೇನೆ' ಎಂಬ ಅರ್ಥವೂ, 'ನೀನು ಮುಂದೆ ಹೋಗು' ಎಂಬ ಅರ್ಥವೂ ಇರುವ ನಮ್ಮ ರಸ್ತೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಕಾರು ಬಂದ ವಾರದಲ್ಲೇ ಕುಮಟಾದಲ್ಲಿ ಒಂದು ಮದುವೆಯಿತ್ತು. ಭಟ್ಕಳದಿಂದ ಅಲ್ಲಿಗೆ ಸುಮಾರು 60 ಕಿ.ಮೀ. 2010ರಲ್ಲಿ ಸಂಖ್ಯೆ ಬದಲಾಗಿ 66 ಆದರೂ ಹಿರಿಯರ ಬಾಯಲ್ಲಿ ಇನ್ನೂ 17 ಆಗಿಯೇ ಉಳಿದಿರುವ ರಾಷ್ಟ್ರೀಯ ಹೆದ್ದಾರಿ ಅದು. ಉತ್ತರಕ್ಕೆ ಹೊರಟವನಿಗೆ ಎಡಬದಿಯೆಂದರೆ ಕಡಲಿನ ಬದಿ. ಮೀನುಗಾರರ ಕೇರಿಗಳ ಒಳದಾರಿಗಳು ಆ ಕಡೆಯಿಂದಲೇ ಹೆದ್ದಾರಿಗೆ ಬಂದು ಸೇರುತ್ತವೆ. ಕಾಸರಕೋಡು ಸಮೀಪಿಸಿದಾಗ ಮುಂದೆ ಮೀನಿನ ಲಾರಿಯೊಂದು ನೀರು ಸುರಿಸುತ್ತಾ ಸಾಗಿತ್ತು. ಅಳಿಯ ಬಲದಿಂದ ಅದನ್ನು ದಾಟಿದ. ಕನ್ನಡಿಯಲ್ಲಿ ದೀಪವಿರಲಿಲ್ಲ. ಅವನು ಎಡಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಲಾರಿಯ ಮರೆಯಿಂದ, ಅದರ ಎಡಗಡೆಯಿಂದಲೇ ಮುಂದೆ ನುಗ್ಗಿದ ಸ್ಕೂಟರೊಂದು ನಮ್ಮ ಹಿಂಬಾಗಿಲಿನ ಪಕ್ಕಕ್ಕೆ ಬಂದಿತ್ತು. ಹಿಂದೆ ಕುಳಿತ ಹೆಂಗಸಿನ ಮಡಿಲಲ್ಲಿ ಮಗು. ನಾನು ಎಡಸೀಟಿನಲ್ಲಿದ್ದವನು ಕೂಗಿದೆ, ಅವನು ಸ್ಟೀರಿಂಗ್ ಸರಿಪಡಿಸಿದ, ಸ್ಕೂಟರ್ ಹೋಯಿತು. ದೀಪ ಹೊತ್ತಿದ್ದು ಆಮೇಲೆ. ಶರಾವತಿ ಸೇತುವೆ ದಾಟುವವರೆಗೂ ನಾವಿಬ್ಬರೂ ಮಾತಾಡಲಿಲ್ಲ.

ಯಂತ್ರ ಕೆಟ್ಟಿರಲಿಲ್ಲ. ಲಾರಿಯ ಮರೆಯಲ್ಲಿದ್ದುದು ರೇಡಾರಿಗೆ ಕಾಣುವುದಾದರೂ ಹೇಗೆ? ಅದು ಹುಟ್ಟಿದ್ದು ಬಿಳಿಗೆರೆಗಳ ನಡುವೆ ಕಾರುಗಳು ಸಾಲಾಗಿ ಹೋಗುವ ರಸ್ತೆಗಳಿಗಾಗಿ. ಅದರ ಮಿತಿಗಳನ್ನು ಕಂಪೆನಿಗಳು ಬಚ್ಚಿಟ್ಟಿಲ್ಲ. ಕಾರಿನ ಜೊತೆ ಕೊಡುವ ಕೈಪಿಡಿಯಲ್ಲಿ ಪುಟಗಟ್ಟಲೆ ಬರೆದಿವೆ. ಸ್ಕೂಟರು, ಸೈಕಲ್ಲಿನಂಥ ಸಣ್ಣ ವಾಹನ ಗುರುತು ಸಿಗದೆ ಹೋಗಬಹುದು, ಹಿಂದಿನಿಂದ ಅತಿ ವೇಗವಾಗಿ ಬಂದದ್ದಕ್ಕೆ ಎಚ್ಚರಿಕೆ ತಡವಾಗಬಹುದು, ಜೋರು ಮಳೆ ಮತ್ತು ಬಂಪರಿಗೆ ಮೆತ್ತಿದ ಕೆಸರು ರೇಡಾರಿನ ದೃಷ್ಟಿ ಕೆಡಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಇವೆರಡೂ ಇಲ್ಲದ ದಿನ ಯಾವುದು? ಎದುರಿನಿಂದ ಬರುವ ವಾಹನವನ್ನು ಈ ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗೆ ಮಾಡದಿದ್ದರೆ ದೀಪ ಆರುವುದೇ ಇಲ್ಲ. ಆದರೆ ಚತುಷ್ಪಥವಾದ ಮೇಲೆ ದೂರದ ತಿರುವಿನವರೆಗೆ ಹೋಗಲು ಬೇಸರಪಟ್ಟು ಎಡಅಂಚಿನಲ್ಲೇ ಎದುರಾಗಿ ಬರುವ ಬೈಕುಗಳನ್ನು ಹೊನ್ನಾವರ, ಹಳದೀಪುರದ ಕಡೆ ನಾವು ದಿನವೂ ನೋಡುತ್ತೇವೆ. ಕೆಲವು ಕಾರುಗಳಲ್ಲಿ ವೇಗ ಗಂಟೆಗೆ 30 ಕಿ.ಮೀ. ದಾಟುವವರೆಗೆ ಈ ವ್ಯವಸ್ಥೆ ಎಚ್ಚರವಾಗುವುದೇ ಇಲ್ಲ. ಭಟ್ಕಳದ ಶಂಸುದ್ದೀನ್ ಸರ್ಕಲ್ಲಿನಲ್ಲಿ, ಕುಮಟಾದ ಗಿಬ್ ಸರ್ಕಲ್ಲಿನಲ್ಲಿ ಜನಸಂದಣಿಯ ಹೊತ್ತಿಗೆ 30 ದಾಟುವ ಗಂಡು ಯಾರು?

ಇನ್ನೊಂದು ಸಂಗತಿ ಗಲ್ಫಿನಿಂದ ಬಂದವರಿಗೇ ವಿಶೇಷವಾದದ್ದು. ಅಲ್ಲಿ ಚಾಲಕ ಎಡಗಡೆ ಕೂರುತ್ತಾನೆ, ವಾಹನಗಳು ಬಲಕ್ಕೆ ಚಲಿಸುತ್ತವೆ. ಅವನಿಗೆ ದೂರವಾದ, ಹೆಚ್ಚು ಕಾಣದ ಬದಿ ಬಲ. ಇಲ್ಲಿ ಅದು ಎಡ. ಹದಿನೈದು ವರ್ಷ ಬಲಕ್ಕೆ ಒಗ್ಗಿದ ಅನುಮಾನ ವಿಮಾನ ಇಳಿದ ಮಾತ್ರಕ್ಕೆ ಎಡಕ್ಕೆ ಬಂದುಬಿಡುವುದಿಲ್ಲ.

ನಿಜ ಹೇಳಬೇಕೆಂದರೆ ಬ್ಲೈಂಡ್ ಸ್ಪಾಟಿನ ಕಾವಲು ನಮಗೆ ಹೊಸದಲ್ಲ. ಲಾರಿಯ ಎಡಬಾಗಿಲಲ್ಲಿ ಕ್ಲೀನರ್ ಎಂಬ ಹುಡುಗನಿರುತ್ತಿದ್ದ. ಅವನು ತಲೆ ಹೊರಹಾಕಿ ಬಾಗಿಲು ತಟ್ಟುತ್ತಾ "ಬರ್ಲಿ, ಬರ್ಲಿ... ಹೋಲ್ಡಾನ್!" ಎನ್ನುತ್ತಿದ್ದ. ಬಸ್ಸಿನಲ್ಲಿ ಕಂಡಕ್ಟರ್ "ರೈಟ್" ಎನ್ನದೆ ಗಾಡಿ ಅಲುಗುತ್ತಿರಲಿಲ್ಲ. ಕ್ಲೀನರನ ಸಂಬಳ ಎಲ್ಲಕ್ಕಿಂತ ಕಡಿಮೆ, ಬೈಗುಳ ಎಲ್ಲರಿಗಿಂತ ಹೆಚ್ಚು. ಆದರೆ ಸ್ಕೂಟರಿನ ಮೇಲೆ ಮಗುವಿದೆ ಎಂಬುದು ಅವನಿಗೆ ತಿಳಿಯುತ್ತಿತ್ತು. ಹಳದಿ ದೀಪಕ್ಕೆ ಸ್ಕೂಟರೂ ಒಂದೇ, ಟ್ಯಾಂಕರೂ ಒಂದೇ. ಅದಕ್ಕಿಂತ ಮುಖ್ಯವಾಗಿ, ಕ್ಲೀನರ್ ಸುಮ್ಮನಿದ್ದರೆ ಡ್ರೈವರ್ ಗಾಡಿ ನಿಲ್ಲಿಸುತ್ತಿದ್ದ. ದೀಪ ಸುಮ್ಮನಿದ್ದರೆ ನಾವು ಮುಂದೆ ಹೋಗುತ್ತೇವೆ. 'ನನಗೆ ಕಾಣಲಿಲ್ಲ' ಎಂಬುದನ್ನು 'ಅಲ್ಲಿ ಯಾರೂ ಇಲ್ಲ' ಎಂದು ಓದಿಕೊಳ್ಳುತ್ತೇವೆ.

ನಮ್ಮ ಕಣ್ಣಿನೊಳಗೂ ಇಂಥದೊಂದು ಜಾಗವಿದೆ. ನರ ಹೊರಡುವ ಆ ಬಿಂದುವಿನಲ್ಲಿ ಏನೂ ಕಾಣುವುದಿಲ್ಲ ಎಂದು ಫ್ರಾನ್ಸಿನ ಮಾರಿಯೊಟ್ 1660ರ ದಶಕದಲ್ಲಿ ತೋರಿಸಿದ. ಮೆದುಳು ಆ ಖಾಲಿಯನ್ನು ಸುತ್ತಲಿನ ಬಣ್ಣದಿಂದಲೇ ತುಂಬಿಬಿಡುವುದರಿಂದ ಖಾಲಿಯಿದೆಯೆಂಬುದೂ ನಮಗೆ ಗೊತ್ತಾಗುವುದಿಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, ಸುಮಾರು 19 ಮಂದಿ ನಡೆದು ಹೋಗುತ್ತಿದ್ದವರು. ಅಂದರೆ ಯಂತ್ರಕ್ಕೆ ಸುಲಭವಾಗಿ ಕಾಣದವರೇ ಹೆಚ್ಚು ಸಾಯುತ್ತಿದ್ದಾರೆ. ದುಬಾರಿ ಕಾರಿನ ರಕ್ಷಣೆಯ ಉಪಕರಣಗಳಲ್ಲಿ ಏರ್‌ಬ್ಯಾಗ್, ಬೆಲ್ಟು ಒಳಗಿರುವವನಿಗಾಗಿ. ಈ ದೀಪದ ಹೆಚ್ಚಿನ ಪ್ರಯೋಜನ ಹೊರಗಿರುವವನಿಗೆ. ರಸ್ತೆಬದಿಯಲ್ಲಿ ಕೂರಲೇಬೇಕಿದ್ದರೆ ರಸ್ತೆಗೆ ಅದರ ಹಕ್ಕನ್ನು ಕೊಡಿರೆಂದ ಪ್ರವಾದಿ(ಸ)ರು ಪರರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವುದನ್ನು ಆ ಹಕ್ಕುಗಳಲ್ಲೇ ಎಣಿಸಿದರು. ಕುಳಿತವನಿಗೇ ಇಷ್ಟು ಹೊಣೆಯಿದ್ದರೆ ಒಂದೂವರೆ ಟನ್ ಕಬ್ಬಿಣವನ್ನು ಓಡಿಸುವವನಿಗೆ ಎಷ್ಟಿರಬೇಡ? ದಿನಕ್ಕೆ ಐದು ಹೊತ್ತು ನಮಾಝಿನ ಕೊನೆಗೆ ಬಲಕ್ಕೂ ಎಡಕ್ಕೂ ಪೂರ್ತಿ ಕತ್ತು ತಿರುಗಿಸಿ ಸಲಾಮ್ ಹೇಳುವ ನಮಗೆ ಸ್ಟೀರಿಂಗ್ ಹಿಡಿದಾಗ ಮಾತ್ರ ಕತ್ತು ನೋಯುತ್ತದೆ!

ದೀಪ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಹೊತ್ತಿದಾಗ ನಂಬಬೇಕು, ಹೊತ್ತದಿದ್ದಾಗ ಕತ್ತು ತಿರುಗಿಸಬೇಕು. ಅದಕ್ಕೂ ಮೊದಲು ಕನ್ನಡಿ ಸರಿಯಾಗಿರಬೇಕು. ನಮ್ಮಲ್ಲಿ ಬಹುತೇಕರ ಪಕ್ಕದ ಕನ್ನಡಿಯಲ್ಲಿ ಅರ್ಧ ಪಾಲು ಅವರದೇ ಕಾರಿನ ಬಾಗಿಲು ಕಾಣುತ್ತಿರುತ್ತದೆ. ಅಮೆರಿಕದ ಇಂಜಿನಿಯರ್ ಜಾರ್ಜ್ ಪ್ಲಾಟ್ಜರ್ 1995ರಲ್ಲಿ ಒಂದು ಸರಳ ವಿಧಾನ ಬರೆದಿಟ್ಟ. ತಲೆಯನ್ನು ಬಲಗಿಟಕಿಗೆ ತಾಗಿಸಿ, ಕಾರಿನ ಮೈ ಅಂಚಿನಲ್ಲಿ ತುಸುವೇ ಕಾಣುವಂತೆ ಬಲಗನ್ನಡಿಯನ್ನು ಹೊರಕ್ಕೆ ತಿರುಗಿಸುವುದು. ಎಡಗನ್ನಡಿಗೆ ತಲೆಯನ್ನು ಎರಡು ಸೀಟುಗಳ ನಡುವಿಗೆ ತಂದು ಹಾಗೆಯೇ ಮಾಡುವುದು. ನೇರ ಕುಳಿತಾಗ ನಮ್ಮ ಬಾಗಿಲು ಕಾಣುವುದಿಲ್ಲ, ಪಕ್ಕದ ರಸ್ತೆ ಕಾಣುತ್ತದೆ. ಖರ್ಚು ಒಂದು ಪೈಸೆಯೂ ಇಲ್ಲ.

ಮದುವೆಯಿಂದ ಬಂದ ಮೇಲೆ ನನ್ನನ್ನು ಕಾಡಿದ್ದು ಬೇರೆಯೇ ಪ್ರಶ್ನೆ. ಅಳಿಯ ರಜೆ ಮುಗಿಸಿ ಹೋಗುತ್ತಾನೆ. ವರ್ಷವಿಡೀ ಕಾರು ಓಡಿಸುವವನು ಮುರ್ಡೇಶ್ವರದ ಕಡೆಯ ಡ್ರೈವರ್. ನಮ್ಮೂರಿನ ಎಷ್ಟೋ ಮನೆಗಳ ಕಥೆ ಇದೇ. ಆ ದಪ್ಪ ಕೈಪಿಡಿ ಇಂಗ್ಲಿಷಿನಲ್ಲಿದೆ, ಪ್ಲಾಸ್ಟಿಕ್ ಕವರನ್ನೂ ಯಾರೂ ಬಿಚ್ಚಿಲ್ಲ. ಕಾರು ಕೊಟ್ಟ ದಿನ ರಿಬ್ಬನ್, ಕೇಕು, ಫೋಟೊಗಳಿಗೆ ಅರ್ಧ ಗಂಟೆ ಹೋಯಿತು. ಈ ದೀಪದ ಬಗ್ಗೆ ಹೇಳಿದ್ದು ಒಂದು ವಾಕ್ಯ.

ಆ ಪುಟಗಳನ್ನು ಓದಿ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಡ್ರೈವರಿಗೆ ಕೊಟ್ಟೆ. ಎರಡು ಸಲ ಓದಿದ. ಹಿಂದೆ ಕಬ್ಬಿಣದ ಗಾರ್ಡ್ ಹಾಕಿಸಬೇಕೆಂದಿದ್ದನಂತೆ, ರೇಡಾರಿಗೆ ಅಡ್ಡವಾಗುತ್ತದೆಂದು ಓದಿ ಅದನ್ನು ಬಿಟ್ಟ. ಬಂಪರ್ ಗುದ್ದಿ ಪುಟ್ಟಿ ಹಚ್ಚಿ ಬಣ್ಣ ಬಳಿಸಿದರೆ ಏನಾಗುತ್ತದೆ ಎಂದು ಕೇಳಿದ. ಪದರ ದಪ್ಪವಾದರೆ ಅಲೆಗಳು ಸರಿಯಾಗಿ ದಾಟುವುದಿಲ್ಲ, ರೇಡಾರನ್ನು ಮತ್ತೆ ಹೊಂದಿಸಬೇಕಾಗುತ್ತದೆ ಎಂದೆ. "ಹಾಗಾದ್ರೆ ಅಕ್ಕನಿಗೆ ಮೊದಲೇ ಹೇಳಿಡ್ತೇನೆ, ಆಮೇಲೆ ಸಣ್ಣ ಗ್ಯಾರೇಜಲ್ಲಿ ಮಾಡಿಸು ಅಂತಾರೆ" ಎಂದು ಹಾಳೆಯನ್ನು ಮಡಚಿ ಸನ್‌ವೈಸರಿಗೆ ಸಿಕ್ಕಿಸಿ, ಬಟ್ಟೆ ತೆಗೆದುಕೊಂಡು ಬಂಪರಿನ ಮೂಲೆ ಒರೆಸಲು ಹೋದ.