ಈ ಕೊಲಂಬಸ್ ಬೇರೆ ಕಣ್ರೋ

1/6
"ಕೊಲಂಬಸ್‌ಲ್ಲಿದ್ದೀನಿ" ಅಂತ ಸ್ಟೋರಿ ಹಾಕಿದ ತಕ್ಷಣ ಮೂರು ಜನ "ಓಹೋ, ಒಹಾಯೊ!" ಅಂತ ಮೆಸೇಜ್ ಮಾಡಿದ್ರಿ. ಅಲ್ಲ ಕಣ್ರೋ, ಇದು ಇಂಡಿಯಾನಾ ರಾಜ್ಯದ ಕೊಲಂಬಸ್. ಇಂಡಿಯಾನಾಪೊಲಿಸ್‌ನಿಂದ ದಕ್ಷಿಣಕ್ಕೆ ಕಾರಲ್ಲಿ ಸುಮಾರು ಒಂದು ಗಂಟೆ. ಸುತ್ತ ಮುಸುಕಿನ ಜೋಳ, ಸೋಯಾಬೀನ್ ಹೊಲ. 2020ರ ಜನಗಣತಿ ಪ್ರಕಾರ ಇಲ್ಲಿರೋದು 50,000 ಚಿಲ್ಲರೆ ಜನ. ನಮ್ಮ ಕಡೆ ಒಂದು ತಾಲ್ಲೂಕು ಪಟ್ಟಣ ಇದ್ದ ಹಾಗೆ.

ಅಕ್ಟೋಬರ್ ರಜೆ ನಾಲ್ಕು ದಿನ ಸಿಕ್ತು, ದೊಡ್ಡಮ್ಮನ ಮಗಳ ಮನೆಗೆ ಬಂದೆ. ಭಾವ ಇಲ್ಲಿ ಕಮ್ಮಿನ್ಸ್‌ನಲ್ಲಿ ಎಂಜಿನಿಯರ್. ಡೀಸೆಲ್ ಎಂಜಿನ್ ಮಾಡೋ ಆ ಕಂಪನಿ ಹುಟ್ಟಿದ್ದು ಇದೇ ಊರಲ್ಲಿ, 1919ರಲ್ಲಿ. ಅದರಿಂದಾಗಿ ಇಲ್ಲಿ ನಮ್ಮ ದೇಶದವರು ತುಂಬಾ ಇದ್ದಾರೆ.

ನೀವೆಲ್ಲ ಕೇಳಿದ ಪ್ರಶ್ನೆ ಒಂದೇ: ಅಂಥ ಊರಲ್ಲಿ ನೋಡೋಕೆ ಏನಿದೆ? ಹಿಸ್ಟರಿ ಆಫ್ ಆರ್ಕಿಟೆಕ್ಚರ್ ಪರೀಕ್ಷೆಗೆ ನಾವು ಬಾಯಿಪಾಠ ಮಾಡಿದ್ವಲ್ಲ, ಸಾರಿನೆನ್, ಪೇ, ವೆಂಚುರಿ ಅಂತ? ಅವರೆಲ್ಲ ಇಲ್ಲಿ ಕಟ್ಟಿದ್ದಾರೆ. ಇಷ್ಟು ಚಿಕ್ಕ ಊರಲ್ಲಿ ರಾಷ್ಟ್ರೀಯ ಸ್ಮಾರಕ ಅಂತ ಗುರುತಿಸಿದ 7 ಆಧುನಿಕ ಕಟ್ಟಡಗಳಿವೆ. ಸ್ವೈಪ್ ಮಾಡ್ತಾ ಬನ್ನಿ.

2/6
ಮೊದಲನೇ ಫೋಟೋ ಊರಿನ ಪಬ್ಲಿಕ್ ಲೈಬ್ರರಿ. ವಿನ್ಯಾಸ ಐ. ಎಂ. ಪೇ, 1969. ಹೌದು, ಪ್ಯಾರಿಸ್‌ನ ಲೂವ್ರ್ ಮುಂದೆ ಗಾಜಿನ ಪಿರಮಿಡ್ ಮಾಡಿದ ಅದೇ ಪೇ. ನೋಡೋಕೆ ಸಾದಾ ಕೆಂಪು ಇಟ್ಟಿಗೆ, ಯಾವ ಆಡಂಬರನೂ ಇಲ್ಲ. ಮುಂದಿನ ಅಂಗಳದಲ್ಲಿ ಹೆನ್ರಿ ಮೂರ್ ಮಾಡಿದ ಕಂಚಿನ ದೊಡ್ಡ ಕಮಾನು, ಸುಮಾರು 20 ಅಡಿ ಎತ್ತರ. ರಸ್ತೆ ಆ ಕಡೆ ಎಲಿಯೆಲ್ ಸಾರಿನೆನ್ 1942ರಲ್ಲಿ ಮುಗಿಸಿದ ಫಸ್ಟ್ ಕ್ರಿಶ್ಚಿಯನ್ ಚರ್ಚು, ಪಕ್ಕದಲ್ಲಿ ಅದರ 166 ಅಡಿ ಗಡಿಯಾರದ ಗೋಪುರ.

ಅಕ್ಕನ ಮಗಳಿಗೆ ಏಳು ವರ್ಷ. ಅವಳಿಗೆ ಪೇ ಯಾರು, ಮೂರ್ ಯಾರು ಏನೂ ಗೊತ್ತಿಲ್ಲ. ಅವಳ ಪಾಲಿಗೆ ಅದು ಕಣ್ಣಾಮುಚ್ಚಾಲೆ ಆಡೋ ಕಮಾನು. ಆಟ ಮುಗಿಸಿ ಒಳಗೆ ಹೋಗಿ, ಪುಸ್ತಕ ಹಿಡ್ಕೊಂಡು ಕೂತಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಚಿಕ್ಕಿ, ನಿಮ್ಮೂರ ಲೈಬ್ರರಿ ಮುಂದೆ ಏನಿದೆ?"

"ಸೈಕಲ್ ಸ್ಟ್ಯಾಂಡು, ಒಂದು ಹೊಂಗೆ ಮರ" ಅಂದೆ. ಹೊಂಗೆ ಮರ ಹೇಗಿರತ್ತೆ ಅಂತ ಕೇಳಿದಳು. ಫೋಟೋ ಇರಲಿಲ್ಲ, ಬರೆದು ತೋರಿಸಿದೆ.

ನನ್ನ ಕ್ಲಾಸ್‌ಮೇಟ್‌ಗಳಿಗೆ ನೆನಪಿರಬಹುದು, ನನ್ನ ಫೈನಲ್ ಇಯರ್ ಥೀಸಿಸ್ ತಾಲ್ಲೂಕು ಲೈಬ್ರರಿ. ಜ್ಯೂರಿಗೆ ಬಂದಿದ್ದ ಒಬ್ಬ ಹಿರಿಯರು ಶೀಟ್ ನೋಡಿ ಹೇಳಿದ್ದು ಇಷ್ಟು: ತಾಲ್ಲೂಕಲ್ಲಿ ಪೇಪರ್ ಓದೋಕೆ ಬರೋರಿಗೆ ಇಷ್ಟೆಲ್ಲ ಯಾಕಮ್ಮ, ನಾಲ್ಕು ಗೋಡೆ ಒಂದು ಶೀಟು ಸಾಕು. ಎಲ್ಲರೂ ನಕ್ಕರು. ಆ ಮಾತು ಎರಡು ವರ್ಷದಿಂದ ತಲೇಲಿ ಕೂತಿತ್ತು.

3/6
ಈ ಊರಿಗೆ ಇದೆಲ್ಲ ಬಂದಿದ್ದು ಹೇಗೆ? ಎರಡನೇ ಮಹಾಯುದ್ಧ ಮುಗಿದ ಮೇಲೆ ಊರಲ್ಲಿ ಮಕ್ಕಳು ಜಾಸ್ತಿ ಆದರು, ಶಾಲೆಗಳು ಬೇಗ ಬೇಗ ಏಳಬೇಕಾಯ್ತು. ಆಗ ಕಮ್ಮಿನ್ಸ್ ನಡೆಸ್ತಿದ್ದವರು ಜೆ. ಅರ್ವಿನ್ ಮಿಲ್ಲರ್. ಅವರು ಶಾಲಾ ಮಂಡಳಿ ಮುಂದಿಟ್ಟ ಪ್ರಸ್ತಾಪ ಸರಳ: ನಾವು ಕೊಡೋ ಪಟ್ಟಿಯಿಂದ ಒಬ್ಬ ಒಳ್ಳೆ ಆರ್ಕಿಟೆಕ್ಟನ್ನ ಆರಿಸಿ, ಅವರ ಫೀಸನ್ನ ಕಂಪನಿಯ ಫೌಂಡೇಶನ್ ಕೊಡತ್ತೆ. ಕಟ್ಟೋ ಖರ್ಚು ಊರಿನದ್ದೇ. ಹಾಗೆ ಬಂದ ಮೊದಲ ಕಟ್ಟಡ ಹ್ಯಾರಿ ವೀಸ್ ಮಾಡಿದ ಶ್ಮಿಟ್ ಪ್ರೈಮರಿ ಸ್ಕೂಲು, 1957. ಆಮೇಲೆ ಬೇರೆ ಸಾರ್ವಜನಿಕ ಕಟ್ಟಡಗಳಿಗೂ ಅದೇ ಪದ್ಧತಿ ಬಂತು.

ನನ್ನ ಫೇವರಿಟ್ ಈ ಫೋಟೋ: ಫೈರ್ ಸ್ಟೇಷನ್ ನಂಬರ್ 4. ರಾಬರ್ಟ್ ವೆಂಚುರಿ, 1968. ನೀರಿನ ಪೈಪ್ ಒಣಗಿಸೋಕೆ ಅಗ್ನಿಶಾಮಕದವರಿಗೆ ಎತ್ತರದ ಗೋಪುರ ಬೇಕು. ವೆಂಚುರಿ ಅದನ್ನೇ ಮುಂದಕ್ಕೆ ತಂದು, ಮೇಲೆ ದೊಡ್ಡದಾಗಿ 4 ಅಂತ ಬರೆಸಿಬಿಟ್ಟ. ಅಷ್ಟೇ ಅಲಂಕಾರ! ಅಲ್ಲಿ ಈಗಲೂ ಕೆಂಪು ಗಾಡಿ ನಿಂತಿರತ್ತೆ, ಸೈರನ್ ಆದರೆ ಓಡತ್ತೆ.

ಮುಂದಿನದು ಎಲಿಯೆಲ್ ಮಗ ಈರೋ ಸಾರಿನೆನ್ ಮಾಡಿದ ಬ್ಯಾಂಕ್, 1954. ಬ್ಯಾಂಕ್ ಅಂದ್ರೆ ಕೋಟೆ ಥರ ಗೋಡೆ, ಕಂಬಿ ಹಿಂದೆ ಕ್ಯಾಶಿಯರ್ ಇದ್ದ ಕಾಲ ಅದು. ಇವರು ಸುತ್ತ ಗಾಜು ಹಾಕಿ ಕಂಬಿ ತೆಗೆದರು. ಚಾವಣಿ ಮೇಲೆ 9 ಬಿಳಿ ಗುಮ್ಮಟ, ಇಡ್ಲಿ ತಟ್ಟೆ ಇಟ್ಟ ಹಾಗೆ. ಆಮೇಲೆ ಅದು ಕಮ್ಮಿನ್ಸ್‌ನ ಸಭಾಂಗಣ ಆಯ್ತು.

4/6
ಮಿಲ್ಲರ್ ಅವರ ಸ್ವಂತ ಮನೇನೂ ನೋಡಬಹುದು. ಟಿಕೆಟ್ ಮೊದಲೇ ಬುಕ್ ಮಾಡಿ. ಮನೆ ಈರೋ ಸಾರಿನೆನ್, ಒಳಾಂಗಣ ಅಲೆಕ್ಸಾಂಡರ್ ಜಿರಾರ್ಡ್, ತೋಟ ಡ್ಯಾನ್ ಕೈಲಿ, ಮುಗಿದದ್ದು 1957. ಹಾಲ್ ಮಧ್ಯೆ ನೆಲ ತಗ್ಗಿಸಿ, ಸುತ್ತ ಕೂರೋಕೆ ಮೆತ್ತೆ ಹಾಕಿದ್ದಾರೆ. ನಮ್ಮ ತೊಟ್ಟಿ ಮನೆ ನೋಡಿದವರಿಗೆ ಅದು ಪರಿಚಯ ಅನ್ಸತ್ತೆ, ಮೇಲೆ ಆಕಾಶ ಒಂದಿಲ್ಲ ಅಷ್ಟೇ.

ಆ ಮನೆಯಿಂದ ಆಚೆ ಬಂದಾಗ ನನಗೆ ಸ್ವಲ್ಪ ಕಸಿವಿಸಿ ಆಯ್ತು. ಒಬ್ಬ ಸಾಹುಕಾರ ಮನಸ್ಸು ಮಾಡಿದ್ದಕ್ಕೆ ಊರು ಚೆನ್ನಾಗಾಯ್ತು. ಮನಸ್ಸು ಮಾಡದೇ ಹೋಗಿದ್ದರೆ? ರಾತ್ರಿ ಊಟಕ್ಕೆ ಕೂತಾಗ ಭಾವನ ಹತ್ರ ಇದನ್ನೇ ಕೇಳಿದೆ. ಅವರು ಹೇಳಿದರು: "ಅದು ಬರೀ ದಾನ ಅಲ್ಲಮ್ಮ. ಹೊಲದ ಮಧ್ಯೆ ಇರೋ ಊರಿಗೆ ಒಳ್ಳೆ ಎಂಜಿನಿಯರ್‌ಗಳು ಬರಬೇಕಾದ್ರೆ ಮಕ್ಕಳಿಗೆ ಒಳ್ಳೆ ಸ್ಕೂಲ್ ಬೇಕಲ್ಲ. ನಾವು ಇಲ್ಲಿ ಉಳಿದಿರೋದೂ ಅದಕ್ಕೇ." ಅಕ್ಕ ಸಾರು ಬಡಿಸ್ತಾ "ಲೈಬ್ರರಿಗೆ ಅಂತ ಹೇಳು" ಅಂದಳು.

ಕಟ್ಟಿದ ಮೇಲೆ ಕಥೆ ಮುಗಿಯಲ್ಲ ಅನ್ನೋದಕ್ಕೆ ಇನ್ನೊಂದು ಫೋಟೋ: ನಾರ್ತ್ ಕ್ರಿಶ್ಚಿಯನ್ ಚರ್ಚ್, 1964. ಆರು ಮೂಲೆಯ ಚಾವಣಿ, ಮೇಲೆ ಸೂಜಿ ಥರ 192 ಅಡಿ ಶಿಖರ. ಈರೋ 1961ರಲ್ಲೇ ತೀರಿಕೊಂಡರು, ಮುಗಿದದ್ದನ್ನ ನೋಡಲಿಲ್ಲ. ಬರೋರು ಕಡಿಮೆಯಾಗಿ 2022ರಲ್ಲಿ ಆ ಸಭೆಯೇ ಮುಚ್ಚಿತು. ಕಟ್ಟಡ ಊರಿನ ಲೈಬ್ರರಿ ಕೈಗೆ ಬಂತು. ಒಡೆಯೋ ಬದಲು ಹೊಸ ಕೆಲಸ ಹುಡುಕಿದ್ದಾರೆ. ಅದು ನನಗೆ ಶಿಖರಕ್ಕಿಂತ ಹೆಚ್ಚು ಇಷ್ಟ ಆಯ್ತು.

5/6
ಒಂದೇ ದಿನ ಇದ್ದರೆ ಹೀಗೆ ಮಾಡಿ. ಪೇಟೆ ಪೂರ್ತಿ ನಡ್ಕೊಂಡೇ ಮುಗಿಯತ್ತೆ.

ಬೆಳಗ್ಗೆ ಲೈಬ್ರರಿ, ಎದುರಿನ ಚರ್ಚು. ಆಮೇಲೆ ವಾಷಿಂಗ್ಟನ್ ಸ್ಟ್ರೀಟಲ್ಲಿ ಜಹಾರಾಕೋಸ್. ಗ್ರೀಸ್‌ನಿಂದ ಬಂದ ಅಣ್ಣತಮ್ಮಂದಿರು 1900ರಲ್ಲಿ ತೆರೆದ ಐಸ್‌ಕ್ರೀಂ ಅಂಗಡಿ. ಹಳೇ ಸೋಡಾ ಕೌಂಟರು, ತಾನಾಗೇ ನುಡಿಯೋ ದೊಡ್ಡ ವಾದ್ಯದ ಪೆಟ್ಟಿಗೆ. ಚಳಿ ಇದ್ದರೂ ಐಸ್‌ಕ್ರೀಂ ತಿನ್ನಿ, ಪರವಾಗಿಲ್ಲ.

ಸಂಜೆ ಮಿಲ್ ರೇಸ್ ಪಾರ್ಕ್. ಫ್ಲಾಟ್‌ರಾಕ್, ಡ್ರಿಫ್ಟ್‌ವುಡ್ ಅನ್ನೋ ಎರಡು ನದಿ ಸೇರೋ ಜಾಗದ ಹತ್ತಿರ. ಅಲ್ಲಿ 84 ಅಡಿಯ ವೀಕ್ಷಣಾ ಗೋಪುರ ಇದೆ. ಊರು ಎಷ್ಟು ಚಿಕ್ಕದು ಅಂತ ಗೊತ್ತಾಗೋದು ಹತ್ತಿದಾಗಲೇ.

ಮಧ್ಯೆ ಒಂದು ಕಡೆ ಮಾತ್ರ ಅವಸರ ಮಾಡಬೇಡಿ: ಕೋರ್ಟ್ ಪಕ್ಕದ ಸೈನಿಕರ ಸ್ಮಾರಕ. ಸುಣ್ಣಕಲ್ಲಿನ 25 ಎತ್ತರದ ಕಂಬ. ಹೊರಗಡೆ ಒರಟು, ಒಳಗೆ ಹೋದರೆ ನುಣುಪು, ಅದರ ಮೇಲೆ ಈ ಜಿಲ್ಲೆಯಿಂದ ಯುದ್ಧಕ್ಕೆ ಹೋಗಿ ತೀರಿಹೋದವರ ಹೆಸರು, ಅವರು ಮನೆಗೆ ಬರೆದ ಕಾಗದಗಳು. ಕಂಬಗಳ ಮಧ್ಯೆ ಜಾಗ ಕಿರಿದು, ಒಬ್ಬೊಬ್ಬರೇ ನಿಂತು ಓದಬೇಕು. ಅಲ್ಲಿ ನಾನು ಫೋಟೋ ತೆಗೀಲಿಲ್ಲ.

ಸಿನಿಮಾ ಹುಚ್ಚು ಇರೋರಿಗೆ: ಇದೇ ಊರಲ್ಲಿ ತೆಗೆದು 2017ರಲ್ಲಿ ಬಿಡುಗಡೆಯಾದ 'ಕೊಲಂಬಸ್' ನೋಡಿ. ನಿರ್ದೇಶಕನ ಹೆಸರು ಕೊಗೊನಾಡ. ಕನ್ನಡದವನಲ್ಲ, ಕೊರಿಯಾ ಮೂಲದವನು! ಲೈಬ್ರರಿಯಲ್ಲಿ ಕೆಲಸ ಮಾಡೋ ಹುಡುಗಿ, ಅಮ್ಮನನ್ನ ಬಿಟ್ಟು ಓದೋಕೆ ಹೋಗಬೇಕೋ, ಊರಲ್ಲೇ ಇರಬೇಕೋ ಅನ್ನೋದು ಕಥೆ.

6/6
ನನ್ನದು ಉಲ್ಟಾ ಕಥೆ. ನಾನು ಬಿಟ್ಟು ಬಂದಾಗಿದೆ, ವಾಪಸ್ ಹೋಗಬೇಕಾ ಅನ್ನೋದು ಪ್ರಶ್ನೆ.

ಮೇ ತಿಂಗಳಲ್ಲಿ ಕೋರ್ಸ್ ಮುಗಿಯತ್ತೆ. ಶಿಕಾಗೋದಲ್ಲಿ ಒಂದು ಆಫೀಸು ಕೆಲಸ ಕೊಡ್ತೀವಿ ಅಂದಿದೆ, ಅವರು ಮಾಡೋದು ಮಾಲ್‌ಗಳನ್ನ. ಇನ್ನೊಂದು ಕಡೆ ನಮ್ಮ ಸೀನಿಯರ್ ಒಬ್ಬರು ಊರಿಂದ ಫೋನ್ ಮಾಡಿ, ಪಕ್ಕದ ತಾಲ್ಲೂಕಿನ ಒಂದು ಶಾಲೆಗೆ ಆರು ರೂಮು, ಒಂದು ಓದೋ ಕೋಣೆ ಕಟ್ಟಬೇಕು, ಜೊತೆಗೆ ಬರ್ತೀಯಾ ಅಂತ ಕೇಳಿದ್ದಾರೆ. ಫೀಸ್ ಎಷ್ಟು ಅಂತ ಹೇಳಿದರೆ ನೀವು ನಗ್ತೀರ. ಎಜುಕೇಶನ್ ಲೋನ್ ತೀರೋಕೆ ಯಾವ ಕಾಲ ಬೇಕೋ. ಅಪ್ಪ "ನಿನ್ನಿಷ್ಟ ಮಗಳೇ" ಅಂತಾರೆ, ಅದು ಇನ್ನೂ ಕಷ್ಟ. ತಿಂಗಳ ಕೊನೆಯೊಳಗೆ ಇಬ್ಬರಿಗೂ ಉತ್ತರ ಕೊಡಬೇಕು.

ನಮ್ಮೂರಿಗೆ ಮಿಲ್ಲರ್ ಬರಲ್ಲ, ಗೊತ್ತು. ಆದರೆ ಆ ಜ್ಯೂರಿಯ ಮಾತು ತಪ್ಪು ಅನ್ನೋದು ಈಗ ಖಾತ್ರಿ ಆಗಿದೆ. ಇಲ್ಲಿ ಒಳ್ಳೆ ಕಟ್ಟಡ ಸಿಕ್ಕಿರೋದು ಏಳು ವರ್ಷದ ಹುಡುಗಿಗೆ, ಫೈರ್ ಸ್ಟೇಷನ್ ಸಿಬ್ಬಂದಿಗೆ, ಬ್ಯಾಂಕಿಗೆ ಚೆಕ್ ಹಾಕೋಕೆ ಹೋಗ್ತಿದ್ದ ರೈತನಿಗೆ. ನಾಲ್ಕು ಗೋಡೆ ಒಂದು ಶೀಟು ಸಾಕು ಅಂತ ಅವರಿಗೆ ಯಾರೂ ಹೇಳಲಿಲ್ಲ. ಕಿಟಕಿ ಯಾವ ದಿಕ್ಕಿಗಿರಬೇಕು, ಮಳೆ ನೀರು ಎಲ್ಲಿ ಹರೀಬೇಕು, ಮಕ್ಕಳು ಚಪ್ಪಲಿ ಎಲ್ಲಿ ಬಿಡಬೇಕು ಅಂತ ಯೋಚನೆ ಮಾಡೋಕೆ ಕೋಟಿ ಬೇಕಾಗಿಲ್ಲ, ಯೋಚನೆ ಮಾಡೋರು ಬೇಕು. ಆರು ರೂಮಿಗೂ ಬೇಕು.

ಏನ್ ಮಾಡ್ತೀನಿ ಅಂತ ಮುಂದಿನ ಸೀರೀಸಲ್ಲಿ ಹೇಳ್ತೀನಿ. ಅಲ್ಲಿವರೆಗೆ ನಿಮಗೊಂದು ಕೆಲಸ: ನಿಮ್ಮೂರ ಶಾಲೆಯೋ, ಲೈಬ್ರರಿಯೋ, ಬಸ್ ಸ್ಟ್ಯಾಂಡೋ, ಕೂತರೆ ಏಳಬೇಕು ಅನ್ನಿಸದ ಒಂದು ಜಾಗದ ಫೋಟೋ ಕಳಿಸಿ. ಯಾಕೆ ಹಾಗನ್ಸತ್ತೆ ಅಂತ ಒಂದು ಸಾಲು ಬರೀರಿ. ಹೊಂಗೆ ಮರ ಇದ್ದರೆ ಖಂಡಿತ ಕಳಿಸಿ, ಇಲ್ಲೊಬ್ಬಳು ನೋಡೋಕೆ ಕಾಯ್ತಿದ್ದಾಳೆ.

#ಸಣ್ಣೂರುಸುತ್ತಾಟ #ಈಕೊಲಂಬಸ್‌ಬೇರೆ