ಅಬ್ಬೆ ಮೊದಲು, ತುಮಕೂರು ಆಮೇಲೆ

ನಮ್ಮ ಕಾಕಾನ ಕರಿ ಟ್ರಂಕು ಈಗಲೂ ಪಡಸಾಲೆಯ ಮೂಲೆಯಲ್ಲಿದೆ. ಅದರ ಮೇಲೆ ಜೋಳದ ಚೀಲ ಕೂತಿದೆ. ಚೀಲ ಸರಿಸಿದರೆ ಮುಚ್ಚಳದ ಮೇಲೆ ಬಿಳಿ ಬಣ್ಣದ ಅಕ್ಷರಗಳು ಕಾಣುತ್ತವೆ: ನಂಬರು, ಹುದ್ದೆ, ಹೆಸರು, ಊರು. ಬರೆದ ಪೇಂಟರ್ ಯಾವ ಸೀಮೆಯವನೋ, ಜಾಗ ಸಾಲದೆ ನಮ್ಮೂರು ಅಬ್ಬೆತುಮಕೂರಿನ ‘ಅಬ್ಬೆ’ಯನ್ನು ಮೇಲಿನ ಸಾಲಿನ ಅಂಚಿಗೆ ತುರುಕಿ ‘ತುಮಕೂರು’ ಅಷ್ಟನ್ನೇ ಕೆಳಗೆ ದೊಡ್ಡದಾಗಿ ಬರೆದಿದ್ದ. ಟ್ರಂಕಿಗೆ ಸುತ್ತಿದ ಹಗ್ಗ ತಿಕ್ಕಿ ತಿಕ್ಕಿ ಎರಡೇ ವರ್ಷಕ್ಕೆ ಅಬ್ಬೆ ಅಳಿಸಿ ಹೋದಳು. ಉಳಿದದ್ದು ತುಮಕೂರು, ಅದರ ಕೆಳಗೆ ಜಿಲ್ಲಾ ಗುಲಬರ್ಗಾ.

ಹೀಗಾಗಿ ಇಪ್ಪತ್ನಾಲ್ಕು ವರ್ಷ ಕಾಕಾ ಫೌಜಿನಲ್ಲಿ ತುಮಕೂರಿನವನಾಗಿಯೇ ಇದ್ದ. ಮಂಡ್ಯ, ಹಾಸನದ ಹುಡುಗರು ‘ಸಿದ್ಧಗಂಗೆ ಹತ್ರಾನಾ ಅಣ್ಣ?’ ಎಂದು ಕೇಳುತ್ತಿದ್ದರಂತೆ. ‘ಅದು ಬ್ಯಾರೆ ಮಠ, ನಮ್ದು ವಿಶ್ವಾರಾಧ್ಯರ ಮಠ’ ಎಂದು ಇವನು ಹೇಳಿ ಮುಗಿಸುವಷ್ಟರಲ್ಲಿ ಫಾಲಿನ್ ಸೀಟಿ ಆಗಿರುತ್ತಿತ್ತು. ಒಮ್ಮೆ ಅಜ್ಜಿಗೆ ಕಳಿಸಿದ ಮನಿಯಾರ್ಡರು ತೆಂಗಿನತೋಟಗಳ ಕಡೆಯ ತುಮಕೂರನ್ನೆಲ್ಲ ಸುತ್ತಿ ನೋಡಿಕೊಂಡು ಮೂರು ವಾರ ತಡವಾಗಿ ನಮ್ಮ ತೊಗರಿ ಹೊಲಗಳ ತುಮಕೂರಿಗೆ ಬಂತು. ಅಂದಿನಿಂದ ಕಾಕಾನಿಗೆ ಊರ ಹೆಸರಿನ ಮೇಲೆ ನಂಬಿಕೆ ಹೋಗಿ ಪಿನ್‌ಕೋಡಿನ ಮೇಲೆ ಭಕ್ತಿ ಬಂತು. 572 ಎಂದರೆ ಅವರದು, 585 ಎಂದರೆ ನಮ್ಮದು. ಮುಂದೆ 2010ರ ಹೊತ್ತಿಗೆ ಯಾದಗಿರಿಯೇ ಜಿಲ್ಲೆಯಾಗಿ ಗುಲಬರ್ಗಾವೂ ವಿಳಾಸದಿಂದ ಉದುರಿತು. ಟ್ರಂಕಿನ ಮೇಲಿನ ಆ ಎರಡು ಸಾಲಿನಲ್ಲಿ ಈಗ ಒಂದೂ ಪೂರ್ತಿ ನಿಜವಲ್ಲ.

ನಮ್ಮ ಸೀಮೆಗೂ ಮಿಲ್ಟ್ರಿಗೂ ಇರುವ ನಂಟೇ ವಿಚಿತ್ರ. ಶೂರರಿಗೇನೂ ಬರವಿರಲಿಲ್ಲ. 1705ರಲ್ಲಿ ವಾಗಿನಗೇರಿಯ ಕೋಟೆಯೆದುರು ಸುರಪುರದ ಬೇಡರು ಮುದುಕ ಔರಂಗಜೇಬನನ್ನು ತಿಂಗಳುಗಟ್ಟಲೆ ಕಾಯಿಸಿದ್ದರು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ಮೇಲೆ ತಿರುಗಿಬಿದ್ದ. ಆದರೆ ಸಂಬಳದ ಫೌಜಿಗೆ ಸೇರುವ ರೂಢಿ ಕೊಡಗು, ಬೆಳಗಾವಿಗಳಲ್ಲಿ ಬೇರುಬಿಟ್ಟಂತೆ ನಮ್ಮಲ್ಲಿ ಬಿಡಲಿಲ್ಲ. ನಮ್ಮ ಅಜ್ಜಿಯ ಕಾಲದವರಿಗೆ ಮಿಲ್ಟ್ರಿ ಎಂದರೆ ಹೊರಗಿನಿಂದ ಬರುವಂಥದು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ನಿಜಾಮನ ಸಂಸ್ಥಾನದೊಳಗೆ ಕಾಲಿಟ್ಟಿತು, 17ಕ್ಕೆ ನಿಜಾಮ ಶರಣಾದ. ಅಜ್ಜಿ ತನ್ನ ಮದುವೆ, ಬಾವಿಗೆ ನೀರು ಬಿದ್ದದ್ದು, ಎಮ್ಮೆ ಈದದ್ದು ಎಲ್ಲವನ್ನೂ ಈ ಪೊಲೀಸ್ ಆಕ್ಷನ್ನಿಗೆ ಮೊದಲು, ಆಮೇಲೆ ಎಂದೇ ಲೆಕ್ಕ ಇಡುತ್ತಿದ್ದಳು. ಅಂಥವಳ ಮಗ ತಾನೇ ಮಿಲ್ಟ್ರಿಗೆ ಹೊರಟು ನಿಂತಾಗ ಆಕೆ ಕೇಳಿದ್ದು ಇಷ್ಟೇ: ‘ಬೇಕಾದಾಗ ಅವ್ರೇ ಬರ್ತಾರಲ್ಲೋ, ನೀ ಯಾಕ ಹೋಗ್ತಿ?’

ಕಾಕಾ ಹೋದದ್ದು ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಇಂಜಿನಿಯರ್ ಗ್ರೂಪಿಗೆ. 1780ರಷ್ಟು ಹಳೆಯ ಬೇರಿನ ಪಡೆ ಅದು. ಅಲ್ಲಿನ ಸಿಪಾಯಿಗಳನ್ನು ಎಲ್ಲರೂ ತಂಬಿ ಎಂದೇ ಕರೆಯುತ್ತಾರೆ. ಸೇತುವೆ ಕಟ್ಟುವುದು, ರಸ್ತೆ ಕಡಿಯುವುದು, ನೆಲದಲ್ಲಿ ಹೂತ ಮೈನು ತೆಗೆಯುವುದು, ದಂಡು ಬೀಡುಬಿಟ್ಟಲ್ಲಿ ನೀರು ಮಾಡಿಕೊಡುವುದು ಇವರ ಕೆಲಸ. ಪೆನ್ಷನ್ ಬಂದು ಊರಿಗೆ ಮರಳಿದ ವಾರವೇ ಹುಡುಗರು ಸುತ್ತ ಕೂತು, ‘ಎಷ್ಟು ಮಂದೀನ ಹೊಡ್ದಿ ಕಾಕಾ?’ ಎಂದರು.

‘ಮಂದೀನ್ಯಾರ್ನೂ ಹೊಡ್ದಿಲ್ಲ. ತಗ್ಗು ಮಾತ್ರ ಭಾಳ ತೋಡೀನಿ.’

ಹುಡುಗರು ಎದ್ದುಹೋದರು. ಕಾಕಾನ ಆ ಮಾತು ಮಾತ್ರ ಮುಂದೆ ಊರಿಗೆ ಬಹಳ ಉಪಯೋಗಕ್ಕೆ ಬಂತು.

ಸುತ್ತಲಿನ ಹಳ್ಳಿಗಳಲ್ಲಿ ಹೀಗೆ ಬಂದು ಕೂತವರು ಏಳೆಂಟು ಮಂದಿ. ಒಬ್ಬರು ಲಾರಿ ಓಡಿಸಿದವರು, ಒಬ್ಬರು ಲಂಗರಿನಲ್ಲಿ ಪೂರಿ ಕರಿದವರು, ಒಬ್ಬರು ಮಿಲ್ಟ್ರಿ ಆಸ್ಪತ್ರೆಯಲ್ಲಿ ಸೂಜಿ ಹಿಡಿದವರು. ಎಲ್ಲರಿಗಿಂತ ಹಿರಿಯರು 1971ರ ಯುದ್ಧ ಕಂಡವರು. ಅವರನ್ನು ನಾವು ಮಿಲ್ಟ್ರಿ ಮುತ್ಯಾ ಎನ್ನುತ್ತೇವೆ. ಇವರದು ಸಂಘ ಎನ್ನಲು ಬೋರ್ಡಿಲ್ಲ, ಲೆಟರ್‌ಹೆಡ್ಡಿಲ್ಲ, ಅಧ್ಯಕ್ಷರಿಲ್ಲ. ಚಹಾದಂಗಡಿಯ ಬೆಂಚಿದೆ. ಅಧ್ಯಕ್ಷರಿಲ್ಲದ ಕಾರಣಕ್ಕೇ ಇಷ್ಟು ದಿನ ಬಾಳಿದೆ ಎಂದು ನನ್ನ ಗುಮಾನಿ.

ಇವರು ಕೆಲಸಕ್ಕೆ ಬಿದ್ದದ್ದು ಜಾತ್ರೆಯಿಂದ. ಬಿಸಿಲು ಕಣ್ಣು ಬಿಡುವ ಹೊತ್ತಿಗೆ ಅಬ್ಬೆತುಮಕೂರಿನ ತೇರು. ಆ ದಿನಗಳಲ್ಲಿ ಊರೆಂದರೆ ಊರಲ್ಲ. ಟ್ರ್ಯಾಕ್ಟರ್, ಟಂಟಂ, ಎತ್ತಿನ ಬಂಡಿ, ಕಾಲ್ನಡಿಗೆಯವರು, ಗಡಿಯಾಚೆಯ ತೆಲುಗಿನವರು, ಮಿರ್ಚಿ ಭಜಿಯ ಹೊಗೆ, ಬೆಂಡು ಬತ್ತಾಸಿನ ರಾಶಿ. ಬಂದವರಿಗೆಲ್ಲ ಊಟ ಮಠದಲ್ಲಿ ಆಗುತ್ತದೆ, ಅದರ ಚಿಂತೆ ಯಾರಿಗೂ ಇಲ್ಲ. ಉಂಡದ್ದು ಮರುದಿನ ಎಲ್ಲಿಗೆ ಹೋಗಬೇಕು ಎಂಬ ಚಿಂತೆ ಕಾಕಾನೊಬ್ಬನಿಗೆ ಹುಟ್ಟಿತು.

ತೇರಿಗೆ ನಾಲ್ಕು ದಿನ ಮೊದಲು ಅವನು ಊರ ಹೊರಗೆ ನಿಂತು ಒಂದು ಹಿಡಿ ಮಣ್ಣು ಮೇಲಕ್ಕೆ ತೂರಿದ. ನಾನು ಪಕ್ಕದಲ್ಲೇ ಇದ್ದೆ. ಮಣ್ಣು ನನ್ನ ಕಣ್ಣಿಗೆ ಬಂತು. ‘ಗಾಳಿ ಆ ಕಡಿಂದ ಬರ್ತದ. ಅಡಗಿ ಮಾಡೋದೂ ಆ ಕಡಿ. ಅಂದ್ರ ತಗ್ಗು ಇಲ್ಲಿ’ ಎಂದು ಸುಣ್ಣದ ಗೆರೆ ಎಳೆದ. ಬಾವಿಯಿಂದ ನೂರಡಿಯನ್ನು ಹೆಜ್ಜೆಯಲ್ಲೇ ಅಳೆದ. ಒಂದಡಿ ಅಗಲ, ಮೂರಡಿ ಆಳ, ಉದ್ದಕ್ಕೆ ಬೇಕಾದಷ್ಟು. ತೋಡಿದ ಮಣ್ಣು ಪಕ್ಕಕ್ಕೇ ಏರಿ ಹಾಕಬೇಕು, ಅದರಲ್ಲಿ ಒಂದು ಹಳೆಯ ಬೋಗುಣಿ ಇಡಬೇಕು. ಕೂತೆದ್ದವರು ಎರಡು ಬೋಗುಣಿ ಮಣ್ಣು ಎಳೆದರೆ ನೊಣಕ್ಕೆ ಕೆಲಸವಿಲ್ಲ. ಸುತ್ತ ಗೋಣಿತಟ್ಟು. ಲಾರಿಯವರು, ಲಂಗರಿನವರು, ಕಾಕಾ ಮೂವರೂ ಸಲಿಕೆ ಹಿಡಿದು ನಿಂತಾಗ ಊರ ಜನ ನಕ್ಕರು. ಪೆನ್ಷನ್ ತಿನ್ನುವ ದೊಡ್ಡ ಮನುಷ್ಯರು ಯಾಕೆ ಈ ಕೆಲಸಕ್ಕೆ ಇಳಿದರು ಎಂದು ಕೆಲವರಿಗೆ ಕಸಿವಿಸಿಯೂ ಆಯಿತು. ‘ಇದಕ್ಕ ಬ್ಯಾರೆ ಮಂದಿ ಇದ್ದಾರಲ್ಲ’ ಎಂದು ಒಬ್ಬ ಹಿರಿಯರು ದನಿ ತಗ್ಗಿಸಿ ಹೇಳಿದರು. ಆ ‘ಬ್ಯಾರೆ ಮಂದಿ’ ಯಾರೆಂಬುದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾಕಾ ಸಲಿಕೆ ನಿಲ್ಲಿಸಲಿಲ್ಲ: ‘ಪಲ್ಟಣದಾಗ ಫಟೀಗ್ ಅಂತ ಇರ್ತದ ಯಪ್ಪಾ. ಪಾಳಿ ಬಂದವ್ನು ತೋಡಬೇಕು. ಇವತ್ತು ನಂದು ಬಂದದ.’

ಆ ಹಿರಿಯರು ಮರುದಿನ ಗೋಣಿತಟ್ಟಿನ ಹಿಂದೆಯೇ ಕಂಡರು ಎನ್ನುವುದನ್ನು ಬರೆಯಬಾರದು, ಆದರೆ ಬರೆದಾಯಿತು.

ನೀರಿನ ಜವಾಬ್ದಾರಿ ಮಿಲ್ಟ್ರಿ ಆಸ್ಪತ್ರೆಯವರದು. ಅವರ ಪ್ರಕಾರ ಟ್ಯಾಂಕಿಗೆ ಬ್ಲೀಚಿಂಗ್ ಪೌಡರನ್ನು ಹಿಡಿಹಿಡಿಯಾಗಿ ಸುರಿಯುವವನು ನೀರನ್ನೂ ಕೆಡಿಸುತ್ತಾನೆ, ಬಾಯನ್ನೂ ಕೆಡಿಸುತ್ತಾನೆ. ಒಳ್ಳೆಯ ಪೌಡರಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಸಾಕು. ಸ್ವಲ್ಪ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಬೇಕು, ಒಂದು ತಾಸು ಯಾರೂ ನಲ್ಲಿ ಮುಟ್ಟಬಾರದು. ಎಷ್ಟು ಹಾಕಬೇಕೆಂದು ನೋಡಲು ಹಾರಕ್ಸ್ ಎಂಬ ಮಿಲ್ಟ್ರಿ ಡಾಕ್ಟರನ ಹೆಸರಿನ ಪೆಟ್ಟಿಗೆಯೊಂದು ಇತ್ತಂತೆ: ಆರು ಬಿಳಿ ಬಟ್ಟಲು, ಒಂದು ಕರಿ ಬಟ್ಟಲು, ನೀಲಿ ಬಣ್ಣ ಬಂದ ಮೊದಲ ಬಟ್ಟಲೇ ಉತ್ತರ. ಮೊದಲ ಮಹಾಯುದ್ಧದ ಕಾಲದ ಯುಕ್ತಿ. ಪೆಟ್ಟಿಗೆ ಈಗ ಅವರ ಬಳಿ ಇಲ್ಲ. ಅಕ್ಕಸಾಲಿಗನ ತಕ್ಕಡಿಯಲ್ಲಿ ಪೌಡರು ತೂಗಿಸಿಕೊಂಡು ಬರುತ್ತಾರೆ. ಬಂಗಾರ ತೂಗುವ ತಕ್ಕಡಿಯಲ್ಲಿ ಬ್ಲೀಚಿಂಗ್ ಪೌಡರು ಕೂತದ್ದು ನಮ್ಮೂರಲ್ಲಿ ಮಾತ್ರ ಇರಬೇಕು.

ಎಲ್ಲವೂ ಹೀಗೆ ಸಲೀಸಾಗಲಿಲ್ಲ. ಪ್ರಸಾದದ ಪಾಳಿ ಹಚ್ಚಲು ಹೋಗಿ ಇವರು ಮೊದಲ ವರ್ಷ ಮಣ್ಣು ಮುಕ್ಕಿದರು. ಕಾಕಾ ಪರೇಡಿನ ದನಿ ತೆಗೆದು ‘ಏಕ್ ಲೈನ್!’ ಎಂದ. ಬುಟ್ಟಿ ಹೊತ್ತ ಒಬ್ಬಳು ಅವನನ್ನು ಮೇಲಿಂದ ಕೆಳಗೆ ನೋಡಿ, ‘ನಮ್ಮಪ್ಪನ ಮಠಕ್ಕ ನಾ ಬಂದೀನಿ. ನೀ ಯಾವಾವ?’ ಎಂದು ಒಳಗೆ ನುಗ್ಗಿದಳು. ಅವಳ ಹಿಂದೆ ಲೋಕವೇ ನುಗ್ಗಿತು. ಉಪಾಯ ಹುಡುಕಿದವರು ಮುತ್ಯಾ. ಪಾಳಿ ಮುರಿದು ಮುಂದೆ ಬಂದವರನ್ನು ಬೈಯಬಾರದು, ‘ಬರ್ರಿ ಬರ್ರಿ, ನಿಮ್ಮಂಥವ್ರೇ ಬೇಕಾಗಿತ್ತು’ ಎಂದು ಕೈಗೆ ನೀರಿನ ಜಗ್ಗು ಕೊಡಬೇಕು. ಮಠದಲ್ಲಿ ಸೇವೆ ಒಲ್ಲೆ ಎನ್ನುವಂತಿಲ್ಲ. ಪಾಳಿಯವರೆಲ್ಲ ಉಂಡೆದ್ದ ಮೇಲೆಯೇ ಅವರ ಊಟ. ಎರಡು ವರ್ಷಕ್ಕೆ ಪಾಳಿ ನೆಟ್ಟಗಾಯಿತು, ನೀರು ಬಡಿಸುವವರ ಕೊರತೆ ಬಿತ್ತು.

ಇನ್ನೊಂದು ಫಜೀತಿ ತಗ್ಗು ಮುಚ್ಚಿದ ಮೇಲಿನದು. ಮುಚ್ಚಿದ ಜಾಗಕ್ಕೆ ಗುರುತು ಹಾಕಿ ತಾರೀಖು ಬರೆಯುವುದು ಪಲ್ಟಣದ ಪದ್ಧತಿ, ಮತ್ತೆ ಯಾರೂ ಅಲ್ಲಿ ತೋಡಬಾರದೆಂದು. ಕಾಕಾ ಕಲ್ಲು ನೆಟ್ಟು ತಾರೀಖು ಬರೆದು ಬಂದ. ಮೂರನೆಯ ದಿನಕ್ಕೆ ಕಲ್ಲಿಗೆ ವಿಭೂತಿ ಬಿದ್ದಿತ್ತು. ಯಾವ ಶರಣರ ಗದ್ದುಗೆ ಎಂದು ಕೇಳಿದ ಮುದುಕಿಗೆ ನಿಜ ಹೇಳುವ ಧೈರ್ಯ ಸಾಲದೆ ಈ ಮಾಜಿ ತಂಬಿ ರಾತ್ರಿ ಹೋಗಿ ಕಲ್ಲು ಕಿತ್ತು ತಂದ. ಈಗ ಜಾಲಿಮುಳ್ಳು ಹಾಕುತ್ತಾರೆ. ಜಾಲಿಯನ್ನು ಯಾರೂ ಪೂಜಿಸುವುದಿಲ್ಲ.

ಜಾತ್ರೆ ವರ್ಷಕ್ಕೊಮ್ಮೆ. ಕಾಗದದ ಕೆಲಸ ವರ್ಷವಿಡೀ. ಅದರಲ್ಲಿ ನವೆಂಬರ್ ಘೋರ. ಪೆನ್ಷನ್‌ದಾರರು ತಾವು ಬದುಕಿದ್ದೇವೆಂದು ತೋರಿಸಬೇಕಾದ ತಿಂಗಳು. 2014ರಲ್ಲಿ ಜೀವನ್ ಪ್ರಮಾಣ್ ಬಂದ ಮೇಲೆ ಬೆರಳು ಒತ್ತಿದರೆ ಮುಗಿಯಿತು ಎಂದರು. ಜೋಳ ಕೊಯ್ದು, ಹತ್ತಿ ಬಿಡಿಸಿ ಸವೆದ ಬೆರಳಿನ ಗೆರೆ ಯಂತ್ರಕ್ಕೆ ಕಾಣಬೇಕಲ್ಲ! ಪಕ್ಕದ ಹಳ್ಳಿಯ ಒಬ್ಬ ಸೈನಿಕನ ಹೆಂಡತಿ, ಗಂಡ ತೀರಿದ ಮೇಲೆ, ಹತ್ತೂ ಬೆರಳು ಒತ್ತಿ ಸೋತು ಚಹಾದಂಗಡಿಯ ಬೆಂಚಿಗೆ ಬಂದು ಕೂತಳು. ಆಕೆಯ ಗೋಳು ಬೆರಳಿನದಷ್ಟೇ ಅಲ್ಲ. ಪಲ್ಟಣದ ದಾಖಲೆಯಲ್ಲಿ ಹೆಸರಿನ ಕೊನೆಗೆ ‘ವ್ವ’ ಇದೆ, ಆಧಾರಿನಲ್ಲಿ ‘ಮ್ಮ’ ಇದೆ. ಹಾಗಾಗಿ ಸರಕಾರದ ಕಣ್ಣಿಗೆ ವ್ವ ಮತ್ತು ಮ್ಮ ಇಬ್ಬರು ಹೆಂಗಸರು. ಪೆನ್ಷನ್ ಒಬ್ಬಳದು, ಹೆಬ್ಬೆರಳು ಇನ್ನೊಬ್ಬಳದು. ಸಿಪಾಯಿ ಬದುಕಿದ್ದಾಗಲೇ ಪಾರ್ಟ್ ಟೂ ಆರ್ಡರ್ ಎಂಬ ಪಲ್ಟಣದ ಕಾಗದ ಮಾಡಿಸಿ ಹೆಸರು ತಿದ್ದಿಸಿದ್ದರೆ ಸುಲಭವಿತ್ತು. ಅವನಿಗೆ ಹೆಂಡತಿಯನ್ನು ಹೆಸರು ಹಿಡಿದು ಕರೆದೇ ರೂಢಿ ಇರಲಿಲ್ಲ, ಕಾಗುಣಿತ ನೋಡುವುದು ದೂರ.

ಲಾರಿಯವರು ಆಕೆಯನ್ನು ಕರೆದುಕೊಂಡು ಕಚೇರಿಯಿಂದ ಕಚೇರಿಗೆ ಹನ್ನೊಂದು ಸಲ ಓಡಾಡಿದರು. ಅಫಿಡವಿಟ್ಟು, ಪತ್ರಿಕೆಯಲ್ಲಿ ಜಾಹೀರಾತು, ಜೋಡಿ ಫೋಟೊ, ಮತ್ತೆ ಅಫಿಡವಿಟ್ಟು. ಕೊನೆಗೆ ವ್ವ ಸೋತು ಮ್ಮ ಗೆದ್ದಳು. ಬಾಕಿ ದುಡ್ಡು ಬಂದ ದಿನ ಆಕೆ ಬೆಂಚಿಗೆ ಒಂದು ಗಂಟು ಸಜ್ಜೆ ರೊಟ್ಟಿ ತಂದಿಟ್ಟು, ‘ಊರಾಗ ಎಲ್ಲಾರೂ ವ್ವ ಅಂತಾರ, ಅದನ್ನೂ ತಿದ್ದಬೇಕೇನ್ರಿ ಅಣ್ಣಾ?’ ಎಂದಳು.

ಇವರಿಗೇ ಎಂದು ಒಂದು ದಿನವೂ ಇದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ನಿವೃತ್ತರಾದದ್ದು 1953ರ ಜನವರಿ 14ರಂದು. ಆ ನೆನಪಿಗೆ ಅದೇ ತಾರೀಖನ್ನು ಮಾಜಿ ಸೈನಿಕರ ದಿನ ಮಾಡಿದ್ದಾರೆ. ದೆಹಲಿಯಲ್ಲಿ ಅದು ಸರಿಯಾದ ತಾರೀಖಿರಬಹುದು. ನಮ್ಮ ತಾಲ್ಲೂಕಿನಲ್ಲಿ ಅದು ಸಂಕ್ರಾಂತಿ, ಮೈಲಾಪುರದ ಮಲ್ಲಯ್ಯನ ಜಾತ್ರೆ. ಇಡೀ ಸೀಮೆ ಭಂಡಾರದಲ್ಲಿ ಹಳದಿಯಾಗಿರುತ್ತದೆ. ಇವರ ಸನ್ಮಾನ ನೋಡಲು ಯಾರು ಬರಬೇಕು? ಇವರೇ ಮೈಲಾಪುರಕ್ಕೆ ಹೋಗಿರುತ್ತಾರೆ. ಶಾಲು, ಹಾರಗಳೆಲ್ಲ ಜನವರಿ 26ಕ್ಕೆ ಸೇರಿಸಿ ಬರುತ್ತವೆ. ಕಾಕಾನ ಬಳಿ ಈಗ ಹದಿನಾಲ್ಕು ಶಾಲುಗಳಿವೆ. ಯಾದಗಿರಿಯ ಬಿಸಿಲಿಗೆ ಹದಿನಾಲ್ಕು ಶಾಲು!

ನಸುಕಿನಲ್ಲಿ ಯಾದಗಿರಿ ರಸ್ತೆಯ ಮೇಲೆ ಫೌಜಿನ ಭರ್ತಿಗೆಂದು ಹುಡುಗರು ಓಡುತ್ತಾರೆ. 1600 ಮೀಟರ್. ಒಂದು ಜಾಲಿಗಿಡದಿಂದ ಒಂದು ಸೇತುವೆಗೆ ಕಾಕಾ ಅಳೆದು ಗುರುತು ಮಾಡಿದ್ದಾನೆ. ಅವನ ಗಡುವು ಐದೂವರೆ ನಿಮಿಷ. ನಮ್ಮ ಜಿಲ್ಲೆಯ ಭರ್ತಿ ನೋಡುವುದು ಬೆಳಗಾವಿಯ ಕಚೇರಿ, ಮುನ್ನೂರು ಕಿಲೋಮೀಟರಿಗೂ ಆಚೆ. ಅಲ್ಲಿಗೆ ಹೋಗಿ ಕಾಲು ಸೋಲುವುದಕ್ಕಿಂತ ಇಲ್ಲೇ ಸೋಲಲಿ ಎಂದು ಅವನ ಲೆಕ್ಕ. 2022ರಲ್ಲಿ ಅಗ್ನಿಪಥ ಬಂದಾಗ ಬೆಂಚಿನ ಮೇಲೆ ಎರಡು ಪಕ್ಷಗಳಾದವು. ನಾಲ್ಕು ವರ್ಷ, ಆಮೇಲೆ ನೂರಕ್ಕೆ ಇಪ್ಪತ್ತೈದು ಮಂದಿಗಷ್ಟೇ ಉಳಿಯುವ ಅವಕಾಶ. ‘ಪಲ್ಟಣ ಅಂದ್ರ ಏನು ಅಂತ ತಿಳಿಯೋದ್ರಾಗ ಮನಿಗಿ ಬರ್ತಾರ’ ಎಂದು ಮುತ್ಯಾ. ‘ಮನಿಗಿ ಬಂದ್ರೂ ತಗ್ಗು ತೋಡಲಾಕ ಮಂದಿ ಬೇಕಲ್ಲ’ ಎಂದು ಕಾಕಾ. ಜಗಳ ಇನ್ನೂ ಮುಗಿದಿಲ್ಲ; ನನಗೂ ಮುತ್ಯಾನ ಮಾತೇ ಭಾರವೆನಿಸುತ್ತದೆ. ಓಟ ಮಾತ್ರ ನಡೆದಿದೆ.

ಹೋದ ವರ್ಷ ಆ ಹುಡುಗರಲ್ಲಿ ಒಬ್ಬ ಗೆದ್ದ. ಯಾದಗಿರಿಯಿಂದ ಹೊಸ ಕರಿ ಟ್ರಂಕು ಬಂತು. ಅವನ ತಾಯಿ ಅದರ ಸುತ್ತ ಒಂದು ಸುತ್ತು ಹಾಕಿ, ‘ನಾಕು ವರ್ಷಕ್ಕ ಇಷ್ಟು ದೊಡ್ಡದು ಯಾಕ ಬೇಕಿತ್ತು?’ ಎಂದಳು. ಪೇಂಟರ್ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕುಂಚ ಅದ್ದಿಕೊಂಡು, ಊರ ಹೆಸರು ಉದ್ದ ಆಯಿತು, ಎರಡು ಸಾಲು ಮಾಡಲೇ ಎಂದು ಕೇಳಿದ. ಕಾಕಾ ಎದ್ದು ಹೋಗಿ ಮೇಲಿನ ಗೆರೆಯನ್ನು ಅಂಗೈಯಿಂದ ಅಳಿಸಿ, ಮುಚ್ಚಳದ ನಟ್ಟನಡುವೆ ಬೆರಳಿಟ್ಟ.

‘ಹಗ್ಗ ಹಾಯೋ ಕಡಿ ಬರೀಬ್ಯಾಡ. ಇಲ್ಲಿಂದ ಶುರು ಮಾಡು. ಅಬ್ಬೆ ಮೊದಲು ಬರಿ, ದೊಡ್ಡದಾಗಿ ಬರಿ. ಜಾಗ ಉಳದ್ರ ತುಮಕೂರು.’